ಅಕ್ಕನ ಎಡ ಅಂಗೈ

ಆ ಶ್ರಾವಣದಲ್ಲಿ ನಡೆದದ್ದು ಹೀಗೇ ಎಂದು ನಾನು ಆಣೆ ಮಾಡಿ ಹೇಳಲಾರೆ. ನಾನು ಮನಶ್ಶಾಸ್ತ್ರ ಓದಿದವನು. ಮನುಷ್ಯ ನೆನಪನ್ನು ಪ್ರತಿ ಸಲವೂ ಹೊಸದಾಗಿ ಕಟ್ಟಿಕೊಳ್ಳುತ್ತಾನೆ, ಕಟ್ಟುವಾಗ ತನಗೆ ಬೇಕಾದ ಕಲ್ಲನ್ನೇ ಆರಿಸಿಕೊಳ್ಳುತ್ತಾನೆ ಎಂದು ಮೂರ್ನಾಲ್ಕು ಕಾಲೇಜುಗಳಲ್ಲಿ ಪಾಠ ಹೇಳಿದ್ದೇನೆ. ಆ ಪಾಠ ನನ್ನ ಅಕ್ಕನ ವಿಷಯಕ್ಕೆ ಬಂದು ನಿಂತಾಗ ಮಾತ್ರ ಹೇಗೆ ಸಹಿಸಬೇಕೆಂದು ತಿಳಿಯುತ್ತಿಲ್ಲ.

ಕಳೆದ ಮಳೆಗಾಲದಲ್ಲಿ ಹಡಪ್ಸರದ ಒಂದು ಔಷಧಿ ಅಂಗಡಿಯಲ್ಲಿ, ಚಪ್ಪಲಿ ಕಚ್ಚಿದ ಗಾಯಕ್ಕೆಂದು ಬಿಳಿ ಅಂಟುಪಟ್ಟಿಯ ಸುರುಳಿ ಕೊಂಡೆ. ಅಲ್ಲೇ ಮೆಟ್ಟಿಲ ಮೇಲೆ ಕೂತು ಒಂದು ತುಂಡು ಹರಿದೆ. ಅದರ ವಾಸನೆ ಮೂಗಿಗೆ ಬಡಿದದ್ದೇ ತಡ, ಅಕ್ಕನ ಲಿಂಗಪೂಜೆ ಕಣ್ಣೆದುರಿಗೆ ಬಂತು. ಎಷ್ಟು ಸ್ಪಷ್ಟವಾಗಿ ಎಂದರೆ ಕೈಯಲ್ಲಿದ್ದ ತುಂಡು ಮಡಚಿ ಅಂಟಿಕೊಂಡು ಹಾಳಾದದ್ದೂ ತಿಳಿಯಲಿಲ್ಲ. ವಿಭೂತಿಯ ವಾಸನೆ ಅವಳನ್ನು ನೆನಪಿಸಿದ್ದರೆ ಸರಿ, ಹಸಿ ಬಿಲ್ವಪತ್ರೆಯ ವಾಸನೆಯಾದರೂ ಸರಿ. ಅಂಟುಪಟ್ಟಿ ಯಾಕೆ? ನನಗೆ ನೆನಪಿದ್ದ ಪೂಜೆಯಲ್ಲಿ ಅಂಟುಪಟ್ಟಿ ಎಲ್ಲೂ ಇರಲಿಲ್ಲ.

ಅಕ್ಕ ಮತ್ತು ಅವಳ ಗಂಡ, ನಾನು ಮಾಮಾ ಎಂದು ಕರೆಯುವವರು, ವಿಜಯಪುರದ ಕಡೆಯಿಂದ ಪುಣೆಗೆ ಬಂದು ನೆಲೆಸಿ ಬಹಳ ವರ್ಷಗಳಾಗಿದ್ದವು. ಮಗರಪಟ್ಟಾದ ಎತ್ತರದ ಕಟ್ಟಡಗಳ ಬೆನ್ನಿಗೆ ಒಂದು ಹಳೆಯ ಫ್ಲ್ಯಾಟು, ಹತ್ತಿರದ ರಸ್ತೆಯಲ್ಲಿ ಮಾಮಾನ ಚಹಾಪುಡಿ ಅಂಗಡಿ. ಹೊಸ್ತಿಲ ಆಚೆ ಮರಾಠಿ, ಈಚೆ ಕನ್ನಡ. ಮಕ್ಕಳಿರಲಿಲ್ಲ. ಆ ಶ್ರಾವಣದ ವರ್ಷ ನಾನು ಒಂದು ಕಾಲೇಜು ಬಿಟ್ಟು ಇನ್ನೊಂದು ಸಿಗದೆ ಅವರ ಮನೆಯ ಹೊರಕೋಣೆಯಲ್ಲಿ ಬಿದ್ದುಕೊಂಡಿದ್ದೆ. ಯಾವ ಊರಲ್ಲೂ ಯಾವ ಕೆಲಸದಲ್ಲೂ ನಿಂತವನಲ್ಲ ನಾನು. ಕೊರಳಿನ ಇಷ್ಟಲಿಂಗವನ್ನು ವಿಶ್ವವಿದ್ಯಾಲಯದ ಹಾಸ್ಟೆಲ್ಲಿನಲ್ಲೇ ತೆಗೆದಿದ್ದೆ. ಅದನ್ನು ಅಕ್ಕ ತನ್ನ ದೇವರ ಜಗಲಿಯಲ್ಲಿ ಇಟ್ಟುಕೊಂಡು, ದಿನಾ ತನ್ನ ಲಿಂಗದ ಜೊತೆ ಅದನ್ನೂ ತೊಳೆದು ವಿಭೂತಿ ಹಚ್ಚುತ್ತಿದ್ದಳು.

"ನೀ ವಾದಾ ಮಾಡು, ನಾ ಪೂಜಿ ಮಾಡತೀನಿ," ಎನ್ನುತ್ತಿದ್ದಳು. "ಮನಿ ಕೆಲಸ ಹಂಚಿಕೊಂಡಂಗಾತು."

ಆಷಾಢದ ಒಂದು ಮುಂಜಾನೆ ಅಡುಗೆಮನೆಯಲ್ಲಿ ಅಕ್ಕನ ಕೈಯಿಂದ ಗಿಂಡಿ ಜಾರಿತು. ಬಾಗಿ ಎತ್ತಲು ಹೋದವಳು ಏಳಲಿಲ್ಲ. ಎಡಭಾಗ ಪೂರ್ತಿ ಬಿದ್ದುಹೋಗಿತ್ತು. ಆಸ್ಪತ್ರೆಯಲ್ಲಿ ತಲೆಯ ಸ್ಕ್ಯಾನಿಗೆ ಒಳಗೆ ಕರೆದೊಯ್ಯುವ ಮುನ್ನ ಅಲ್ಲಿನ ನರ್ಸು, ನಡುವಯಸ್ಸಿನ ಮರಾಠಿ ಹೆಂಗಸು, ಮೈಮೇಲಿನ ಲೋಹವನ್ನೆಲ್ಲ ತೆಗೆಸಿದರು. ಬಳೆ ಹೋದವು, ತಾಳಿ ಹೋಯಿತು. ಕೊನೆಗೆ ಎದೆಯ ಮೇಲಿದ್ದ, ಇಷ್ಟಲಿಂಗವಿಟ್ಟ ಬೆಳ್ಳಿಯ ಕರಡಿಗೆ.

"ಮಾವಶೀ, ಹೇ ಪಣ ಕಾಢಾಯಲಾ ಲಾಗೇಲ," ಇದನ್ನೂ ತೆಗೆಯಬೇಕು ಎಂದರು ಸಿಸ್ಟರ್.

ಅಕ್ಕ ಬಲಗೈಯಿಂದ ಕರಡಿಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ನಾಲಿಗೆ ತೊದಲುತ್ತಿದ್ದರೂ ಮಾತು ತಿಳಿಯುತ್ತಿತ್ತು. "ತಾಳಿ ತಗೊಂಡ್ರಿ, ನಾ ಏನರ ಅಂದೆನಾ? ಇದು ಬ್ಯಾಡ."

ಮಾಮಾನ ಕೈಗಳು ಆಗಲೇ ಒಂದೆರಡು ವರ್ಷದಿಂದ ನಡುಗುತ್ತಿದ್ದವು. ಚಹಾದ ಬಟ್ಟಲನ್ನೂ ಎರಡೂ ಕೈಯಲ್ಲಿ ಹಿಡಿಯಬೇಕಿತ್ತು. ಅಕ್ಕ ಅವರ ಕೈ ನೋಡಿದಳು, ಆಮೇಲೆ ನನ್ನ ಕೈ ನೋಡಿದಳು.

"ಮಲ್ಲೂ, ನೀ ಹಿಡಿ. ನೆಲಕ್ಕ ಇಡಬ್ಯಾಡ. ಕಿಸೇದಾಗ ಹಾಕಬ್ಯಾಡ. ಹೊಕ್ಕಳದ ಕೆಳಗ ಇಳಸಬ್ಯಾಡ."

ಹೀಗಾಗಿ ನಾನು ಆ ಉದ್ದನೆಯ ಹಾದಿಯಲ್ಲಿ, ಎದೆಯ ಮಟ್ಟಕ್ಕೆ ಅಂಗೈ ಚಾಚಿ, ಅದರ ಮೇಲೆ ಬೆಳ್ಳಿಯ ಡಬ್ಬಿ ಇಟ್ಟುಕೊಂಡು ನಿಂತೆ. ಫೋನು ಕಿಸೆಯಲ್ಲಿ ಬಡಿದುಕೊಂಡರೂ ಎತ್ತಲಿಲ್ಲ. ಕಾವಲಿನವನೊಬ್ಬ ಹತ್ತಿರ ಬಂದು ಕರಡಿಗೆ ನೋಡಿ, "ಸ್ಯಾಂಪಲ್ ಕಾ? ಲ್ಯಾಬ್ ತಿಕಡೇ ಆಹೇ," ಎಂದು ಎಡಕ್ಕೆ ಕೈ ತೋರಿಸಿದ. ನನಗೆ ನಗು ಬಂತು. ಆದರೆ ನಕ್ಕರೆ ಕೈ ಅಲುಗಬಹುದೆಂದು ತಡೆದುಕೊಂಡೆ. ದೇವರನ್ನು ನಂಬದವನಿಗೆ ಆ ಹೆದರಿಕೆ ಎಲ್ಲಿಂದ ಬಂತೆಂದು ಆಗ ಕೇಳಿಕೊಂಡೆನೋ, ಈಗ ಬರೆಯುವಾಗ ಕೇಳಿಕೊಳ್ಳುತ್ತಿದ್ದೇನೋ ಗೊತ್ತಿಲ್ಲ.

ಮನೆಗೆ ಬಂದ ಮೇಲೆ ಕಷ್ಟ ಶುರುವಾಯಿತು. ಇಷ್ಟಲಿಂಗವನ್ನು ಎಡ ಅಂಗೈಯ ಮೇಲೆ ಇಟ್ಟುಕೊಂಡು ಬಲಗೈಯಿಂದ ಪೂಜೆ ಮಾಡಬೇಕು. ಲೋಕವೆಲ್ಲ ಕೀಳೆಂದು ತಿಳಿದ ಎಡಗೈಯೇ ನಮ್ಮಲ್ಲಿ ದೇವರು ಕೂರುವ ಜಾಗ. ಅಕ್ಕನ ಆ ಕೈ ಸತ್ತಿತ್ತು. ಪೂಜೆಯಾಗದೆ ನೀರೂ ಮುಟ್ಟದವಳು ಅವಳು.

"ಬಲಗೈಯಾಗ ಇಟಗೋ ಕಮಲಾ," ಎಂದರು ಮಾಮಾ. "ದೇವರಿಗೇನು ಎಡಾ ಬಲಾ?"

"ಹಿಡಿಯೂದೂ ಅದ ಕೈ, ನೀರು ಹಾಕೂದೂ ಅದ ಕೈ, ಹೆಂಗ್ರಿ? ನೀವರ ಮಾಡಿ ತೋರಸ್ರಿ ನೋಡೋಣ."

ಮೊದಲ ದಿನ ಮಾಮಾ ಅವಳ ಅಂಗೈಯ ಕೆಳಗೆ ತಮ್ಮ ಕೈ ಕೊಟ್ಟರು. ಅವರ ನಡುಕ ಅವಳ ಕೈಗೂ ಹತ್ತಿತು. ಲಿಂಗ ಉರುಳಿ ಹಾಸಿಗೆಯ ಮೇಲೆ ಬಿತ್ತು. ಹಾಸಿಗೆಯ ಮೇಲೆ, ನೆಲಕ್ಕಲ್ಲ. ಆದರೂ ಮಾಮಾನ ಮುಖ ಬೂದಿಯ ಬಣ್ಣಕ್ಕೆ ತಿರುಗಿತು. ಅವರು ಎದ್ದು ಗೋಡೆಯ ಕಡೆ ಮುಖ ಮಾಡಿ ನಿಂತು, "ನನ್ನ ಕೈಲೆ ಆಗೂದಿಲ್ಲಪಾ. ನೀ ಬಾ," ಎಂದರು.

ಹಾಗೆ ಆ ಕೆಲಸ ನನ್ನದಾಯಿತು. ಮುಂಜಾನೆ ಮಾಮಾ ಹೂವಿನ ಮಂಡಿಯಿಂದ ಬಿಲ್ವಪತ್ರೆ ತಂದಿಟ್ಟು ಅಂಗಡಿಗೆ ಹೋಗುವರು. ನಾನು ಸ್ನಾನ ಮಾಡಿ ಅಕ್ಕನನ್ನು ಕುರ್ಚಿಯಲ್ಲಿ ಕೂರಿಸಿ, ಎಡಬದಿಗೆ ದಿಂಬು ಒತ್ತಿ, ಅವಳ ಎಡಗೈಯ ಕೆಳಗೆ ನನ್ನ ಕೈ ಹಿಡಿಯುತ್ತಿದ್ದೆ. ಹೊರಗೆ ಮಳೆ. ಗ್ಯಾಲರಿಯಲ್ಲಿ ಒಣಗದ ಬಟ್ಟೆಗಳ ಮುಗ್ಗಲು ವಾಸನೆ. ದೂರದ ಗಾಜಿನ ಕಟ್ಟಡಗಳಲ್ಲಿ ಹಗಲಲ್ಲೂ ದೀಪ.

ಕೈ ಸತ್ತದ್ದಕ್ಕಿಂತ ದೊಡ್ಡದು ಇನ್ನೊಂದಿತ್ತು. ಮೆದುಳಿನ ಬಲಭಾಗಕ್ಕೆ ಪೆಟ್ಟಾದವರಲ್ಲಿ ಕೆಲವರಿಗೆ ಎಡಗಡೆಯ ಲೋಕವೇ ಇಲ್ಲವಾಗುತ್ತದೆ. ಕಣ್ಣು ಸರಿಯಿರುತ್ತದೆ, ಆದರೆ ಎಡಕ್ಕೆ ಇರುವುದು ಗಮನಕ್ಕೇ ಬರುವುದಿಲ್ಲ. ಅಕ್ಕ ತಟ್ಟೆಯ ಬಲಭಾಗದ ಭಕ್ಕರಿ ಮಾತ್ರ ತಿನ್ನುತ್ತಿದ್ದಳು. ಪುಸ್ತಕದಲ್ಲಿ ಓದಿ ಪರೀಕ್ಷೆಯಲ್ಲಿ ಬರೆದದ್ದನ್ನು ನಾನು ಈಗ ಮನೆಯಲ್ಲಿ ನೋಡುತ್ತಿದ್ದೆ. ನನ್ನ ಸರದಿಯ ಮೊದಲ ದಿನ ಲಿಂಗವನ್ನು ಅವಳ ಅಂಗೈಯ ಮೇಲಿಟ್ಟೆ. ಅವಳು ನೀರಿನ ಬಟ್ಟಲು ಎತ್ತಿ ಆಚೀಚೆ ನೋಡಿದಳು.

"ಮಲ್ಲೂ, ಲಿಂಗ ಎಲ್ಲದ?"

"ನಿನ್ನ ಕೈಯಾಗ ಅದ ಅಕ್ಕಾ."

"ಯಾವ ಕೈ?"

ನಾನು ಅವಳ ಗಲ್ಲ ಹಿಡಿದು ಮೆಲ್ಲಗೆ ಎಡಕ್ಕೆ ತಿರುಗಿಸಿದೆ. ಅವಳು ತನ್ನ ಕೈಯನ್ನು ಬೇರೆ ಯಾರದೋ ಎಂಬಂತೆ ನೋಡಿದಳು. ಮುಖದಲ್ಲಿ ಗಾಬರಿಯಿತ್ತು. ದೇವರು ಅಂಗೈಯಲ್ಲೇ ಇದ್ದ. ಅವಳ ಲೋಕದಲ್ಲಿ ಮಾತ್ರ ಇರಲಿಲ್ಲ. ಅಂದಿನಿಂದ ಆ ಕೈಯನ್ನು ಎತ್ತಿ, ಎದೆಯ ನಡುವನ್ನೂ ದಾಟಿಸಿ, ಬಲಗಡೆಗೆ ತಂದು ಹಿಡಿಯತೊಡಗಿದೆ. ಅಲ್ಲಿ ಅವಳಿಗೆ ಕಾಣುತ್ತಿತ್ತು.

"ಈಗ ಬಂದ ನೋಡು," ಎನ್ನುತ್ತಿದ್ದಳು, ಯಾರೋ ನೆಂಟರು ಬಾಗಿಲಿಗೆ ಬಂದಂತೆ.

ವ್ಯಾಯಾಮ ಮಾಡಿಸಲು ಬರುತ್ತಿದ್ದ ಹುಡುಗಿ ಎಡಗೈಗೆ ಹಿಡಿತ ಬರಲೆಂದು ಮೆತ್ತನೆಯ ರಬ್ಬರ್ ಚೆಂಡು ಕೊಟ್ಟುಹೋದಳು. ಅಕ್ಕ ಅದನ್ನು ಮುಟ್ಟಲೊಲ್ಲಳು.

"ಲಿಂಗ ಹಿಡಿಯೋ ಕೈಯಾಗ ಚೆಂಡು ಹಿಡೀಲೇನು? ನಾ ಏನ್ ಕ್ರಿಕೆಟ್ ಆಡಲಿಕ್ಕೆ ಹೊಂಟೀನಿ?"

ಮಾಮಾ ಸಮಾಧಾನ ಹೇಳಿದರು. "ಚೆಂಡು ಹಿಡಿದ್ರ ತಾನ ನಾಳೆ ಲಿಂಗ ಹಿಡಿಯೂದು. ಅದನ್ನೂ ಶಿವಾ ಅಂದು ಹಿಡಿ."

"ಶಿವನ್ನ ಹಿಚಕತಾರೇನ್ರಿ?" ಎಂದಳು ಅಕ್ಕ. ಮೂವರೂ ನಕ್ಕೆವು. ಆ ಮನೆಯಲ್ಲಿ ಮೂವರೂ ಒಟ್ಟಿಗೆ ನಕ್ಕದ್ದು ಅದೇ ಕೊನೆ ಎಂದು ನನ್ನ ಲೆಕ್ಕ. ಲೆಕ್ಕ ತಪ್ಪಿರಬಹುದು. ಕೊನೆಗೆ ಚೆಂಡು ಹಿಡಿದಳು, ಅದೂ ಅದರ ಮೇಲೊಂದು ಒಗೆದ ಅರಿವೆ ಸುತ್ತಿಸಿ. ಹಿಡಿಯುವಾಗ ಒಂದು ಮಾತು ಹೇಳಿದಳು. ಆ ಮಾತಿಗಾಗಿಯೇ ಆ ಮನೆಯಲ್ಲಿ ಮುಂದಿನ ದಿನಗಳೆಲ್ಲ ನಡೆದವು.

"ಶ್ರಾವಣ ಮುಗಿಯೂದರೊಳಗ ನನ್ನ ಕೈಲೆ ನಾನ ಹಿಡೀತೀನಿ. ನೀವ್ಯಾರೂ ಕೈ ಕೊಡೂದು ಬ್ಯಾಡ."

ದೇವರಿಲ್ಲ ಎಂಬುದರಲ್ಲಿ ನನಗೆ ಆಗಲೂ ಸಂಶಯವಿರಲಿಲ್ಲ. ಇಲ್ಲದ ದೇವರ ಮುಂದೆ ಹೇಗೆ ಕೂರಬೇಕೆಂಬುದನ್ನು ಮಾತ್ರ ಆ ದಿನಗಳಲ್ಲಿ ಅಕ್ಕ ಕಲಿಸಿದಳು. ನಾನು ಆಕಳಿಸಿದರೆ ಬಟ್ಟಲು ಕೆಳಗಿಟ್ಟು ಕಾಯುತ್ತಿದ್ದಳು. ನಾನು ಬಾಗಿದರೆ, "ಬೆನ್ನ ನೆಟ್ಟಗ ಮಾಡು. ದೇವರ ಮುಂದ ಕುಂತೀದಿ, ಸ್ವಾರಗೇಟ್ ಬಸ್ ಸ್ಟ್ಯಾಂಡಿನ್ಯಾಗಲ್ಲ," ಎನ್ನುತ್ತಿದ್ದಳು. ಒಂದು ದಿನ ಬೇಸತ್ತು ಕೇಳಿದೆ: ನಿನ್ನ ದೇವರಿಗೆ ಇಷ್ಟೆಲ್ಲ ಮರ್ಯಾದೆ ಬೇಕಾ, ನಿನ್ನ ಕೈ ಕಸಿದುಕೊಂಡವನಿಗೆ?

ಅವಳು ಲಿಂಗದ ಮೇಲಿನ ಕಣ್ಣು ತೆಗೆಯಲಿಲ್ಲ. "ಅವನಿಗೆ ಬೇಕಂತ ಯಾರಂದ್ರು? ಅವ ಏನೂ ಕೇಳಿಲ್ಲ. ಕೊಡಲಿಕ್ಕೆ ನನ್ನ ಕಡೆ ಅದೊಂದ ಉಳದದ, ಕೊಡತೀನಿ."

ನಾನು ಬೆನ್ನು ನೆಟ್ಟಗೆ ಮಾಡಿಕೊಂಡು ಕೂತೆ.

ಪಂಚಮಿ ಬಂತು. ನಮ್ಮ ಕಡೆ ಅದು ಅಣ್ಣತಮ್ಮಂದಿರು ಅಕ್ಕತಂಗಿಯರನ್ನು ತವರಿಗೆ ಕರೆಯುವ ಹಬ್ಬ. ನಮಗೆ ತವರೆಂಬ ಮನೆಯೇ ಉಳಿದಿರಲಿಲ್ಲ. ಮಾಮಾ ಅಂಗಡಿಯ ಪಕ್ಕದವರಿಂದ ಶೇಂಗಾದ ಉಂಡಿ ತಂದಿದ್ದರು. ಅಕ್ಕ ನನ್ನ ಬಾಯಿಗೆ ಒಂದು ಚೂರು ಇಟ್ಟು, "ನೀ ಬಂದು ಕುಂತೀ ಅಲ್ಲ, ತವರು ಇಲ್ಲೇ ಬಂದಂಗಾತು," ಎಂದಳು. ಅಂದು ಪೂಜೆಯ ನಡುವೆ, ಅವಳ ಕಿರುಬೆರಳು ನನ್ನ ಅಂಗೈಯ ಅಂಚನ್ನು ಒತ್ತಿತು. ಮತ್ತೆ ಒತ್ತಿತು. ಬೆರಳುಗಳು ಒಳಕ್ಕೆ ಬಾಗಿದವು.

ಮಾಮಾಗೆ ಫೋನು ಮಾಡಿದೆ. ಅವರು ಅಂಗಡಿ ಮುಚ್ಚಿ ಪೇಢೆಯ ಪೊಟ್ಟಣ ಹಿಡಿದು ಮಳೆಯಲ್ಲಿ ತೊಯ್ದುಕೊಂಡು ಬಂದರು. ಅಕ್ಕ ಕುರ್ಚಿಯಲ್ಲಿ ಮದುಮಗಳಂತೆ ಕೂತಿದ್ದಳು. "ನಾ ಹೇಳಿದ್ದಿಲ್ಲಾ? ಶ್ರಾವಣ ಮುಗಿಯೂದರೊಳಗ ಅಂತ?"

ಸಂಜೆ ವ್ಯಾಯಾಮದ ಹುಡುಗಿ ಬಂದು ಆ ಬೆರಳುಗಳನ್ನು ಬಿಡಿಸಿದಳು. ಬಿಟ್ಟೊಡನೆ ಅವು ಮತ್ತೆ ಬಾಗಿದವು. ಅವಳು ನನ್ನನ್ನು ಅಡುಗೆಮನೆಗೆ ಕರೆದು, ಇದು ಹಿಡಿತವಲ್ಲ, ಬಿಗಿತ ಎಂದು ಹೇಳಿದಳು. ಸತ್ತ ಸ್ನಾಯು ಹೀಗೆ ಸೆಟೆದುಕೊಳ್ಳುವುದುಂಟು, ಅದರಲ್ಲಿ ಅವರ ಇಚ್ಛೆ ಏನೂ ಇಲ್ಲ ಎಂದಳು. ಇದು ನನಗೆ ಗೊತ್ತಿರಬೇಕಿತ್ತು. ಗೊತ್ತೂ ಇತ್ತು. ನಾವು ಹೊರಗೆ ಬಂದಾಗ ಮಾಮಾ ಪೇಢೆಯ ಪೊಟ್ಟಣ ಬಿಚ್ಚಿ ಆ ಹುಡುಗಿಗೆ ಮೊದಲು ಕೊಟ್ಟರು. ಅವಳು ತೆಗೆದುಕೊಂಡಳು, ತಿಂದಳು, ಛತ್ರಿ ತೆಗೆದುಕೊಂಡು ಹೋದಳು.

ಶ್ರಾವಣ ಇಳಿಯುತ್ತ ಬಂತು. ಹೊಳೆಯ ದಂಡೆಯಲ್ಲಿ ಗಣಪತಿ ಹಬ್ಬಕ್ಕೆ ಢೋಲು ಬಾರಿಸುವ ತಂಡಗಳ ಅಭ್ಯಾಸ ಶುರುವಾಗಿ, ಸಂಜೆಯಾದರೆ ಗಾಳಿಯಲ್ಲಿ ಆ ದಡಬಡ ತೇಲಿ ಬರುತ್ತಿತ್ತು. ಅಂಥದೇ ಒಂದು ದಿನ ಊಟದ ನಡುವೆ ಅಕ್ಕನ ತಲೆ ಬಲಕ್ಕೆ ವಾಲಿತು. ಈ ಸಲ ಮೆದುಳಿನಲ್ಲಿ ರಕ್ತಸ್ರಾವ. ಅದೇ ಆಸ್ಪತ್ರೆ. ಕೊಳವೆಗಳು, ಯಂತ್ರದ ಉಸಿರು. ಅವಳು ಏಳುವುದಿಲ್ಲ ಎಂದು ವೈದ್ಯರು ಸುತ್ತು ಬಳಸದೆ ಹೇಳಿದರು. ಒಳಗೆ ಒಬ್ಬರಿಗೆ ಮಾತ್ರ, ಅದೂ ಸಂಜೆ ಸ್ವಲ್ಪ ಹೊತ್ತು ಬಿಡುತ್ತಿದ್ದರು. ಕೊರಳಲ್ಲಿ ಏನೂ ಇರಬಾರದು ಎಂಬುದು ಅಲ್ಲಿನ ನಿಯಮ. ಕರಡಿಗೆ ಮತ್ತೆ ನನ್ನ ಕೈಗೆ ಬಂದಿತ್ತು.

ಹೊರಗಿನ ಬೆಂಚಿನಲ್ಲಿ ಕೂತಿದ್ದ ಮಾಮಾ, "ನೀ ಹೋಗು," ಎಂದರು. "ನನ್ನ ಕೈ ಬ್ಯಾಡ. ಲಿಂಗ ಅಕಿ ಕೈಯಾಗ ಕೊಡು. ಲಿಂಗ ಇಲ್ಲದ ಹೋಗಬಾರದು ಅಕಿ."

ಮುಂದಿನದೇ ನನಗೆ ಖಾತ್ರಿಯಿಲ್ಲದ ಭಾಗ. ಒಳಗೆ ಅದೇ ಸಿಸ್ಟರ್ ಇದ್ದರು, ತಾಳಿ ಬಿಚ್ಚಿಸಿದವರು. ನಾನು ಕೈ ತೊಳೆದುಕೊಂಡು ಕರಡಿಗೆ ಬಿಚ್ಚಿ, ಲಿಂಗವನ್ನು ಅಕ್ಕನ ಎಡ ಅಂಗೈಯ ಮೇಲಿಟ್ಟೆ. ಎಲ್ಲಿಂದಲೋ ಢೋಲಿನ ಸದ್ದು ಬರುತ್ತಿತ್ತು. ಆಗ ಕಿರುಬೆರಳು ಮೊದಲು, ಆಮೇಲೆ ಒಂದೊಂದಾಗಿ ಉಳಿದವು, ಮೆಲ್ಲಗೆ ಲಿಂಗದ ಮೇಲೆ ಮುಚ್ಚಿಕೊಂಡವು. ಬಿಗಿತದ ಬೆರಳುಗಳ ಸೆಟೆತ ಇದರಲ್ಲಿರಲಿಲ್ಲ. ಮಲಗಿದ ಮಗುವಿನ ಕೈಗೆ ನಮ್ಮ ಬೆರಳು ಕೊಟ್ಟರೆ ಹಿಡಿಯುತ್ತದಲ್ಲ, ಹಾಗೆ. ಇದನ್ನು ನಾನು ನೋಡಿದ್ದೇನೆ. ಈಗಲೂ ಕಣ್ಣು ಮುಚ್ಚಿದರೆ ನೋಡುತ್ತೇನೆ.

ಹೊರಗೆ ಬಂದೆ. ಮಾಮಾ ಎದ್ದು ನಿಂತರು.

"ಹಿಡದಳೇನು?"

"ಹ್ಞೂಂ ಮಾಮಾ. ಹಿಡದಳು."

ಅನುಮಾನ ಇಲ್ಲೇ. ನೋಡಿದ್ದರಿಂದ ಹೇಳಿದೆನೋ, ಹೇಳಿದ್ದರಿಂದ ನೋಡಿದೆನೋ? ಮನುಷ್ಯ ಒಂದು ಮಾತು ಬಾಯಿಬಿಟ್ಟು ಹೇಳಿದ ಮೇಲೆ ಆ ಮಾತಿಗೆ ತಕ್ಕ ಚಿತ್ರವನ್ನು ತಲೆ ತಾನೇ ಒದಗಿಸುತ್ತದೆ. ಇದನ್ನೂ ನಾನು ಪಾಠ ಹೇಳಿದ್ದೇನೆ.

ಮರುದಿನ ಮುಂಜಾನೆ ಅಕ್ಕ ಹೋದಳು. ಶ್ರಾವಣ ಇನ್ನೂ ಮುಗಿದಿರಲಿಲ್ಲ. ನಮ್ಮವರ ಸ್ಮಶಾನದಲ್ಲಿ ಗುಂಡಿಗೆ ನೀರು ತುಂಬುತ್ತಿತ್ತು, ಎತ್ತಿಹಾಕುತ್ತಿದ್ದರು, ಮತ್ತೆ ತುಂಬುತ್ತಿತ್ತು. ಅವಳನ್ನು ಸ್ನಾನ ಮಾಡಿಸಿ ಕೂರಿಸಿದ್ದರು. ಮಣ್ಣಿಗೆ ಇಳಿಸುವ ಮುನ್ನ ಜಂಗಮರಾದ ಅಯ್ಯನವರು ಅವಳ ಎಡ ಅಂಗೈ ಬಿಡಿಸಿ, ಒಣ ವಿಭೂತಿ ಸವರಿ ಕೊಡವಿದರು. ಬೂದಿ ಉದುರಿತು. ಎಲ್ಲ ಉದುರಲಿಲ್ಲ. ಅಂಗೈಯ ಎರಡೂ ಅಂಚಿನಲ್ಲಿ ಮೂರು ಬಿಳಿ ಗೆರೆಗಳು ನಿಂತವು, ಹಣೆಗೆ ಹಚ್ಚುವ ಹಾಗೆ ಅಡ್ಡಡ್ಡ, ಒಂದರ ಕೆಳಗೊಂದು. ನಡುವೆ ಮಾತ್ರ ಖಾಲಿ.

ಮೊದಲು ನೋಡಿದವರು ಮಾಮಾ. "ಅಯ್ನಾರ, ಇಲ್ಲಿ ನೋಡ್ರಿ. ಮೂರು ಪಟ್ಟಿ ತಾವ ಮೂಡ್ಯಾವ! ನಡುವ ಲಿಂಗಕ್ಕ ಜಾಗಾ ಬಿಟ್ಟಾವ!"

ಅಯ್ಯನವರು ಬಾಗಿ ನೋಡಿದರು. "ಭಕ್ತಿ ಭಾಳ ದೊಡ್ಡದ್ರಿ ತಾಯೀದು," ಎಂದರು. ಬಂದವರೆಲ್ಲ ಛತ್ರಿ ಮಡಚಿ ಒಬ್ಬೊಬ್ಬರಾಗಿ ಬಂದು ಆ ಅಂಗೈಗೆ ಕೈ ಮುಗಿದರು. ಆ ಜಾಗದಲ್ಲೇ ಲಿಂಗವಿಟ್ಟು ಬೆರಳು ಮುಚ್ಚಿಸಿ ಮಣ್ಣು ಹಾಕಿದರು. ನನಗೂ ಮೈ ಜುಮ್ಮೆಂದಿತು. ಅದನ್ನು ಇಲ್ಲವೆನ್ನಲಾರೆ.

ಮಾಮಾ ಈಗಲೂ ಅಂಗಡಿಗೆ ಬಂದವರಿಗೆ ಈ ಕತೆ ಹೇಳುತ್ತಾರೆ. ನಾನು ಹೋದಾಗಲೆಲ್ಲ, ಕೊನೆಗೆ ನನ್ನ ಕಡೆ ಕೈ ತೋರಿಸಿ, "ಇವ ನೋಡ್ಯಾನ, ದೇವರನ್ನ ನಂಬದವ ಇವ, ಕಣ್ಣಾರೆ ನೋಡ್ಯಾನ," ಎನ್ನುತ್ತಾರೆ. ಅವರ ಕೈಗಳ ನಡುಕ ಹೆಚ್ಚಿದೆ. ತಮ್ಮ ಲಿಂಗವನ್ನು ಕೈಯಲ್ಲಿ ಹಿಡಿಯುವುದನ್ನೇ ಬಿಟ್ಟು, ತಟ್ಟೆಯಲ್ಲಿಟ್ಟು ದೂರದಿಂದ ನೋಡುತ್ತಾರೆ.

ನಾನು ಅಲ್ಲಿ ನಿಲ್ಲಲಿಲ್ಲ. ದೇಹೂ ರೋಡಿನ ಒಂದು ಶಾಲೆ, ಆಮೇಲೆ ರಾಂಜಣಗಾಂವದ ಒಂದು ಕಾರ್ಖಾನೆಯ ತರಬೇತಿ ವಿಭಾಗ. ಅಲ್ಲಿ ಪಾಳಿ ಮುಗಿಸಿ ಬರುವಾಗ ಗಣಪತಿಯ ಗುಡಿಯ ಮುಂದೆ ಚಪ್ಪಲಿ ಬಿಟ್ಟು ನಿಲ್ಲುತ್ತಿದ್ದೆ. ಒಳಗೆ ಹೋಗುತ್ತಿರಲಿಲ್ಲ, ಮತ್ತೆ ಮೆಟ್ಟಿಕೊಂಡು ಬಸ್ಸು ಹತ್ತುತ್ತಿದ್ದೆ. ಅಕ್ಕನ ಜಗಲಿಯಿಂದ ನನ್ನ ಲಿಂಗವನ್ನು ತಂದುಕೊಂಡಿದ್ದೆ. ಎಷ್ಟೋ ಮುಂಜಾನೆ ಬೆನ್ನು ನೆಟ್ಟಗೆ ಮಾಡಿ, ಎಡ ಅಂಗೈಯಲ್ಲಿಟ್ಟುಕೊಂಡು ಕೂತೆ. ಕೈ ಇತ್ತು, ಲಿಂಗ ಇತ್ತು, ಕಣ್ಣಿಗೆ ಕಾಣುತ್ತಲೂ ಇತ್ತು. ಅದಕ್ಕಿಂತ ಹೆಚ್ಚಿನದೇನೂ ಆಗಲಿಲ್ಲ. ಅಕ್ಕ ಕೊಟ್ಟದ್ದನ್ನು ತೆಗೆದುಕೊಳ್ಳಲು ಆ ಕಡೆ ಯಾರೂ ಇರಲಿಲ್ಲ ಎಂದೇ ನನಗೆ ಅನ್ನಿಸುತ್ತದೆ. ಇದ್ದಿದ್ದರೆ ಒಂದು ಬೆರಳನ್ನಾದರೂ ಅವಳಿಗೆ ತಿರುಗಿ ಕೊಡಬಹುದಿತ್ತು. ಕೊಟ್ಟನಲ್ಲ ಎಂದು ನನ್ನದೇ ನೆನಪು ವಾದಿಸುತ್ತಿತ್ತು. ಆ ವಾದದಲ್ಲಿ ನಾನು ಸೋಲಲು ಬಯಸಿದ್ದೆ.

ಔಷಧಿ ಅಂಗಡಿಯ ಮೆಟ್ಟಿಲ ಮೇಲೆ ಅಂಟುಪಟ್ಟಿಯ ವಾಸನೆ ಬಂದ ಮೇಲೆ ಸುಮ್ಮನಿರಲಾಗಲಿಲ್ಲ. ಆಸ್ಪತ್ರೆ ಅಲ್ಲಿಂದ ದೂರವಿರಲಿಲ್ಲ. ಆ ಸಿಸ್ಟರ್ ಈಗ ಹೊರರೋಗಿಗಳ ಡ್ರೆಸ್ಸಿಂಗ್ ಕೋಣೆಯಲ್ಲಿದ್ದರು, ಕನ್ನಡಕ ಬಂದಿತ್ತು. ಹೆಸರು ಹೇಳಿದರೆ ಗುರುತು ಸಿಗಲಿಲ್ಲ. ಅಂಗೈಯಲ್ಲಿ ದೇವರನ್ನು ಇಡಬೇಕೆಂದವರು ಎಂದಾಗ ತಕ್ಷಣ ಸಿಕ್ಕಿತು. ಮರಾಠಿಯಲ್ಲಿ ನಿಧಾನವಾಗಿ ಹೇಳಿದರು. ರೋಗಿಯನ್ನು ಗಳಿಗೆ ಗಳಿಗೆಗೆ ಮಗ್ಗುಲು ಬದಲಿಸಬೇಕಿತ್ತು, ದೇವರು ಬಿದ್ದರೆ ಏನು ಗತಿ ಎಂದು ನೀವೇ ಅತ್ತಿರಿ. ನೀವು ಅವರ ಅಂಗೈ ಹಿಡಿದುಕೊಂಡಿರಿ, ನಾನು ಅಂಟುಪಟ್ಟಿ ಹಚ್ಚಿದೆ. ದೇವರಿಗೆ ಅಂಟು ತಾಗಬಾರದೆಂದು ಮೊದಲು ಒಂದು ಬಟ್ಟೆಯ ತುಂಡು ಹೊದಿಸಿದ್ದೆ. ಬೆಳಿಗ್ಗೆ ನಾನೇ ಪಟ್ಟಿ ಬಿಡಿಸಿದೆ, ಅಂಟು ಚರ್ಮದ ಮೇಲೆ ಉಳಿದುಬಿಟ್ಟಿತ್ತು; ದೇವರನ್ನು ಡಬ್ಬಿಯಲ್ಲಿಟ್ಟು ನಿಮಗೆ ಕೊಟ್ಟೆ.

"ಅವರು ಬೆರಳು ಮುಚ್ಚಲಿಲ್ಲವೇ? ತಾವಾಗಿ?" ಎಂದು ಕೇಳಿದೆ.

ಸಿಸ್ಟರ್ ಕನ್ನಡಕ ತೆಗೆದು ನನ್ನ ಮುಖ ನೋಡಿದರು. "ನಾಹೀ ಹೋ. ಹಾತ್ ಉಘಡಾಚ್ ಹೋತಾ." ಇಲ್ಲಪ್ಪ, ಕೈ ತೆರೆದೇ ಇತ್ತು.

ಎಷ್ಟು ಪಟ್ಟಿ ಹಚ್ಚಿದ್ದಿರಿ ಎಂದೆ. ಅವರು ಮೇಜಿನ ಮೇಲಿನ ಸುರುಳಿ ಎತ್ತಿಕೊಂಡು, ನನ್ನ ಎಡ ಅಂಗೈ ತಮ್ಮ ಕಡೆ ಎಳೆದು, ಹಚ್ಚಿಯೇ ತೋರಿಸಿದರು. ಮೂರು. ಅಂಚಿನಿಂದ ಅಂಚಿಗೆ, ಅಡ್ಡಡ್ಡ, ಒಂದರ ಕೆಳಗೊಂದು. ಪಟ್ಟಿಯ ಅಗಲ ಒಂದು ಬೆರಳಿನಷ್ಟು.